ಗಾದಿ ಬಿಚ್ಚುವವನು

ಘೋಣಸಗಿ
೨೭ ನವೆಂಬರ್ ೧೯೭೭

ತಮ್ಮ ಬುಡ್ಡೇಸಾಬನಿಗೆ ಮಾಸುಮಬಿಯ ದುವಾ.

ಬಕ್ರೀದಿಗೆ ಬಂದಾಗ ಊಟದ ಮುಂದೆ ಕೂತು ಒಂದೇ ರಾಗ ಹಾಡಿದೆಯಲ್ಲ, ಮದುವೆಯ ಹಂಗಾಮು ಬಂತು, ಹತ್ತಿ ಹಿಂಜುವ ಕೈ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂದು. ಅದಕ್ಕೆ ಉತ್ತರ ಕಳಿಸುತ್ತಿದ್ದೇನೆ. ಬರುವ ಸೋಮವಾರ ಮುಂಜಾನೆಯ ಬಸ್ಸಿಗೆ ನಮ್ಮೂರ ತಾಯವ್ವ ತನ್ನ ಮಗ ಗೊಲ್ಲಾಳಪ್ಪನನ್ನು ಕರೆದುಕೊಂಡು ಇಬ್ರಾಹಿಂಪುರಕ್ಕೆ ಬರುತ್ತಾಳೆ. ಅವನನ್ನು ನಿನ್ನ ಗಾದಿ ಅಂಗಡಿಯಲ್ಲಿ ಇಟ್ಟುಕೋ. ಉಳಿಯಲು ಅಂಗಡಿಯಲ್ಲೇ ಜಾಗ ಕೊಡು, ಊಟ ನಿನ್ನ ಹೆಂಡತಿ ಶಹಜಾದಿಯ ಕೈಯಲ್ಲಿ ಆಗಲಿ.

ಅವನಿಗೆ ಇಪ್ಪತ್ತೆರಡರ ಆಸುಪಾಸು. ಅಪ್ಪ ಕುರಿ ಕಾಯುತ್ತಿದ್ದ, ತೀರಿಕೊಂಡಿದ್ದಾನೆ. ಹುಡುಗ ಸಣ್ಣಂದಿನಿಂದ ಉಣ್ಣೆಯೊಳಗಿನ ಮುಳ್ಳು, ಕಸ ಆರಿಸಿ ಬಿಡಿಸುತ್ತ ಬೆಳೆದವನು. ನನ್ನ ಶಾಲೆಯಲ್ಲಿ ಕೆಲವು ವರ್ಷ ಹಿಂದಿನ ಸಾಲಿನಲ್ಲಿ ಕೂತ, ಅಕ್ಷರ ಹತ್ತಲಿಲ್ಲ. ಅಕ್ಷರ ಬರೆಯಲು ನಾನೂ ಕಳಿಸುತ್ತಿಲ್ಲ. ಮಾತು ಕಡಿಮೆ, ಬುದ್ಧಿ ತನ್ನದೇ ದಾರಿಯಲ್ಲಿ ನಡೆಯುತ್ತದೆ, ಅಷ್ಟೇ.

ಒಂದು ಸಲಕ್ಕೆ ಒಂದೇ ಕೆಲಸ ಹೇಳು. ಕೂಡುವ ಜಾಗ ದಿನವೂ ಅದೇ ಇರಲಿ. ಹಿಂದಿನಿಂದ ಹೋಗಿ ಮುಟ್ಟಬೇಡ. ಪಗಾರವನ್ನು ಅವನ ಕೈಯಲ್ಲೇ ಕೊಡು, ಆಮೇಲೆ ಶಹಜಾದಿ ಎತ್ತಿಡಲಿ. ಎಲ್ಲಕ್ಕಿಂತ ಮುಖ್ಯ, ಬಾಯಿ ಮಾಡಬೇಡ. ನಿನಗೆ ಇದು ಎಷ್ಟು ಕಷ್ಟ ಎಂದು ನನಗೆ ಗೊತ್ತಿದೆ. ಯುಗಾದಿಯವರೆಗೆ ನೋಡು, ಹೊಂದಿದರೆ ಮುಂದುವರಿಸು. ನೀನು ಹೂಂ ಅನ್ನುವ ಮುಂಚೆಯೇ ತಾಯವ್ವನಿಗೆ ನಾನು ಹೂಂ ಅಂದಾಗಿದೆ.

ನಿನ್ನ ಅಕ್ಕ,
ಮಾಸುಮಬಿ


ಇಬ್ರಾಹಿಂಪುರ, ವಿಜಾಪುರ
೧೪ ಡಿಸೆಂಬರ್ ೧೯೭೭

ಆಪಾ, ಸಲಾಂ.

ಮಾತು ಕಡಿಮೆ ಎಂದು ಬರೆದಿದ್ದೆ. ಕಡಿಮೆ ಅಲ್ಲ, ಇಲ್ಲವೇ ಇಲ್ಲ. ಬಂದಾಗಿನಿಂದ ಅವನ ಬಾಯಿಂದ ಒಂದು ಶಬ್ದ ಬಿದ್ದಿದ್ದರೆ ನನ್ನ ಹೆಸರು ಬೇರೆ ಇಡು. ಹಸಿವಾಗಿದೆಯೇ ಎಂದರೆ ಗೋಡೆ ನೋಡುತ್ತಾನೆ. ನಿದ್ದೆ ಬಂದಿದೆಯೇ ಎಂದರೂ ಅದೇ ಗೋಡೆ. ಇಷ್ಟು ವರ್ಷ ಮೇಷ್ಟರಿಕೆ ಮಾಡಿದವಳು ನೀನು. ಕಡಿಮೆಗೂ ಇಲ್ಲ ಎಂಬುದಕ್ಕೂ ವ್ಯತ್ಯಾಸ ಗೊತ್ತಿಲ್ಲವೇ?

ಅಂಗಡಿಯ ಹಿಂದೆಯೇ ರೈಲಿನ ಹಳಿ. ರೈಲು ಬಂದಾಗಲೆಲ್ಲ ಎರಡೂ ಕಿವಿ ಮುಚ್ಚಿಕೊಂಡು ಗಾದಿಗಳ ನಡುವೆ ತಲೆ ತೂರಿಸುತ್ತಾನೆ. ಸರಿ, ಸದ್ದಿಗೆ ಹೆದರುತ್ತಾನೆ ಅಂದುಕೊಂಡರೆ, ನಮ್ಮ ಅಂಗಡಿಯ ಆಳು ಮೌಲಾಸಾಬ ಹತ್ತಿ ಹಿಂಜುವ ಕಮಾನು ಹೊಡೆಯುವಾಗ ಹೋಗಿ ಪಕ್ಕದಲ್ಲೇ ಕೂಡುತ್ತಾನೆ. ತಂತಿ ಟಯ್ಯಂ ಎಂದಾಗ ಕಮಾನಿನ ಕಟ್ಟಿಗೆಯ ಮೇಲೆ ಅಂಗೈ ಇಡುತ್ತಾನೆ. ಮೌಲಾಸಾಬ ಕಮಾನು ನಿಲ್ಲಿಸಿ ನನ್ನ ಮುಖ ನೋಡುತ್ತಾನೆ. ನಾನು ಯಾರ ಮುಖ ನೋಡಲಿ?

ಕೆಲಸ ಮಾಡುವುದಿಲ್ಲ ಅನ್ನುವಂತಿಲ್ಲ, ನಿಲ್ಲಿಸುವುದಿಲ್ಲ ಎಂಬುದೇ ರಗಳೆ. ಮೊದಲ ದಿನ ಈ ಹತ್ತಿ ಹಿಂಜು ಎಂದು ಗುಡ್ಡೆ ತೋರಿಸಿದೆ. ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ. ಮೌಲಾಸಾಬನಿಗೆ ಇದು ತಿಳಿಯದೆ ಇನ್ನಷ್ಟು ಹತ್ತಿ ತಂದು ಅದೇ ಗುಡ್ಡೆಗೆ ಸುರಿದ. ಸಂಜೆಯಾಯಿತು, ಊಟ ಆರಿ ಹೋಯಿತು, ಶಹಜಾದಿ ನನಗೇ ಬೈದಳು. ಬಾಯಿ ಮಾಡಬೇಡ ಎಂದು ಬರೆದಿದ್ದೀಯ. ಮಾಡಿದೆ. ಮಾಡದೆ ಹೇಗಿರಲಿ?

ಇನ್ನೊಂದು ಮಾತು. ನಿನ್ನೆ ಸ್ನಾನಕ್ಕೆ ನೀರು ಕೊಟ್ಟಾಗ ಅವನ ಎಡಗಾಲಿನ ಗಂಟು ನೋಡಿದೆ. ಸುತ್ತಲೂ ಚರ್ಮ ಕಪ್ಪಾಗಿ ದಪ್ಪಗಾಗಿದೆ. ಅದೇನು? ನೇರವಾಗಿ ಬರೆ.

ಬುಡ್ಡೇಸಾಬ


ಘೋಣಸಗಿ
೧೯ ಡಿಸೆಂಬರ್ ೧೯೭೭

ತಮ್ಮಾ,

ಗುಡ್ಡೆ ತೋರಿಸಬೇಡ, ಬುಟ್ಟಿ ಕೊಡು. ಬುಟ್ಟಿ ತುಂಬಾ ಹತ್ತಿ ಹಾಕು, ಅದು ಬರಿದಾದರೆ ಊಟ. ಇನ್ನೊಂದು ಬುಟ್ಟಿ, ಅದು ಬರಿದಾದರೆ ದಿನದ ಕೆಲಸ ಮುಗಿಯಿತು. ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಕಾಣಬೇಕು ಅವನಿಗೆ. ನಡುವೆ ಯಾರೂ ಅದಕ್ಕೆ ಸುರಿಯಕೂಡದು ಎಂದು ಮೌಲಾಸಾಬನಿಗೆ ಹೇಳು. ರೈಲಿನ ಹೊತ್ತು ನಿನಗೆ ಗೊತ್ತೇ ಇದೆ. ಅದು ಬರುವ ಮುಂಚೆ ಅವನನ್ನು ಮುಂದಿನ ಕೋಣೆಗೆ ಕರೆ.

ಕಾಲಿನ ವಿಷಯ. ಬರೆಯಬಾರದು ಎಂದಿದ್ದೆ, ಕೇಳಿದ್ದೀಯ. ಅದು ಹಗ್ಗದ ಗುರುತು. ತಾಯವ್ವ ದಿನವೂ ಕೂಲಿಗೆ ಹೋಗುವವಳು. ಅವನೊಬ್ಬನೇ ಮನೆಯಲ್ಲಿದ್ದರೆ ಯಾವ ಕುರಿಹಿಂಡು ಕಂಡರೂ ಅದರ ಹಿಂದೆ ಹೊರಟುಬಿಡುತ್ತಾನೆ. ಒಮ್ಮೆ ಬಬಲೇಶ್ವರದ ಹೊಲದಲ್ಲಿ ಸಿಕ್ಕ. ಇನ್ನೊಮ್ಮೆ ಮೆಟ್ಟಿಲಿಲ್ಲದ ಬಾವಿಯ ದಂಡೆಯಲ್ಲಿ ಸಿಕ್ಕ. ಆವತ್ತಿನಿಂದ ಅವಳು ಕೆಲಸಕ್ಕೆ ಹೋಗುವಾಗ ಮನೆಯ ನಡುಗಂಬಕ್ಕೆ ಅವನ ಕಾಲು ಕಟ್ಟಿ ಹೋಗುತ್ತಾಳೆ. ನೀರಿನ ತಂಬಿಗೆ, ರೊಟ್ಟಿ ಪಕ್ಕದಲ್ಲಿಟ್ಟು ಹೋಗುತ್ತಾಳೆ. ಅವಳನ್ನು ಕೆಟ್ಟವಳು ಅನ್ನಬೇಡ. ಕಟ್ಟಿದ ಕೈಯಲ್ಲೇ ರಾತ್ರಿ ಎಣ್ಣೆ ಹಚ್ಚುತ್ತಾಳೆ.

ಮೊದಲೇ ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಈಗ ಹೇಳಿದ್ದೇನೆ. ಅವನು ನಿನ್ನಲ್ಲಿ ನಿಂತರೆ ಮನುಷ್ಯನಂತೆ ದುಡಿದು ತಿನ್ನುತ್ತಾನೆ. ನೀನು ಬೇಡ ಅಂದರೆ ಮತ್ತೆ ಆ ಕಂಬ. ನಡುವೆ ಬೇರೆ ಯಾವ ದಾರಿಯೂ ನನಗೆ ಕಾಣಲಿಲ್ಲ.

ಮಾಸುಮಬಿ


ಇಬ್ರಾಹಿಂಪುರ
೬ ಜನೆವರಿ ೧೯೭೮

ಆಪಾ, ಸಲಾಂ.

ನಿನ್ನ ಬುಟ್ಟಿ ಫಲಿಸಿತು. ಫಲಿಸಿದ್ದೇ ನನಗೆ ಕಂಟಕವಾಗಿದೆ. ಬುಟ್ಟಿ ಬರಿದಾದ ಕೂಡಲೇ ಅದನ್ನು ಎತ್ತಿಕೊಂಡು ಬಂದು ನನ್ನ ಮುಂದೆ ನಿಲ್ಲುತ್ತಾನೆ. ಗಿರಾಕಿ ಇರಲಿ, ನಮಾಜಿನ ಹೊತ್ತಿರಲಿ, ನಾನು ಚಹಾ ಬಾಯಿಗಿಟ್ಟಿರಲಿ. ಊಟ ಬಡಿಸುವವರೆಗೆ ಕದಲುವುದಿಲ್ಲ. ಈ ಮನೆಯಲ್ಲಿ ಈಗ ಮೊದಲ ರೊಟ್ಟಿ ಅವನಿಗೆ, ಯಜಮಾನನಾದ ನನಗೆ ಆಮೇಲೆ. ಶಹಜಾದಿಯನ್ನು ಕೇಳಿದರೆ, ನೀನು ಬುಟ್ಟಿ ಬರಿದು ಮಾಡಿದ್ದೀಯೇನು ಎಂದು ಕೇಳುತ್ತಾಳೆ.

ಮೌಲಾಸಾಬ ಬಿಡುವಾದಾಗ, ಗೊಲ್ಲಾಳಪ್ಪ ದಿನವೂ ಕೂಡುವ ಗೋಣಿಚೀಲದ ಮೇಲೆ ಕೂತನಂತೆ. ಇವನು ಎದುರು ನಿಂತವನು ನಿಂತೇ ಇದ್ದ, ಮೌಲಾಸಾಬ ಏಳುವವರೆಗೆ. ದಿನವಿಡೀ ಬಾಯಿ ಬಡಿದುಕೊಳ್ಳುತ್ತೇನೆ. ಆ ಕಡೆಯಿಂದ ಒಂದು ಹೂಂ ಇಲ್ಲ, ಊಹೂಂ ಇಲ್ಲ. ನನ್ನ ಗಂಟಲು ಒಣಗಿದೆ.

ಗಾದಿ ಸುತ್ತಿ ಕಟ್ಟಲು ಹಗ್ಗ ಬಳಸುತ್ತಿದ್ದೆವಲ್ಲ, ಅದನ್ನೂ ಬಿಡಬೇಕಾಯಿತು. ಹೊಸ ಹಗ್ಗದ ಸುರುಳಿ ತಂದು ಇಳಿಸಿದ ದಿನ ಅವನು ಕೈಯಲ್ಲಿದ್ದ ಹತ್ತಿ ಕೆಳಗಿಟ್ಟು, ಅಂಗಡಿಯ ಕಂಬದ ಬುಡಕ್ಕೆ ಹೋಗಿ ಕೂತು, ಎಡಗಾಲು ಮುಂದೆ ಚಾಚಿದ. ಈಗ ಬಟ್ಟೆಯ ಅಂಚು ಹರಿದು ಕಟ್ಟುತ್ತಿದ್ದೇವೆ. ಅದು ನಿಲ್ಲುವುದಿಲ್ಲ, ಜಾರುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಇವನೊಬ್ಬನ ಸಲುವಾಗಿ ನಮ್ಮ ಅಪ್ಪನ ಕಾಲದ ಪದ್ಧತಿಯೇ ಬದಲಾಯಿತು. ಎಲ್ಲ ನಿನ್ನ ಉಪಕಾರ.

ಬುಡ್ಡೇಸಾಬ


ಘೋಣಸಗಿ
೧೪ ಜನೆವರಿ ೧೯೭೮

ತಮ್ಮಾ,

ನಿನ್ನ ಪತ್ರ ಬಂತೆಂದರೆ ಒಡೆಯಲು ಕೈ ಹಿಂಜರಿಯುತ್ತದೆ. ರೊಟ್ಟಿಯದೊಂದು ದೂರು, ಹಗ್ಗದ್ದೊಂದು ದೂರು, ಗಂಟಲು ಒಣಗಿದ್ದೂ ನನ್ನದೇ ತಪ್ಪು. ಅಪ್ಪನ ಪದ್ಧತಿ ಬದಲಾಯಿತೆಂದು ಅಳುವವನು ಅಪ್ಪನ ಕಮಾನು ಬಿಟ್ಟು ಮೌಲಾಸಾಬನ ಕೈಗೆ ಯಾಕೆ ಕೊಟ್ಟೆ? ಭಾರವಾಗಿದ್ದರೆ ಭಾರ ಎಂದು ಒಂದು ಸಾಲಿನಲ್ಲಿ ಬರೆ. ಸುತ್ತಿ ಬಳಸಿ ಚುಚ್ಚಬೇಡ.

ನನ್ನ ಪಾಡು ನಿನಗೆ ತಿಳಿಯದು. ಟಪಾಲು ಬಂದ ಸುದ್ದಿ ಸಿಕ್ಕರೆ ಸಾಕು, ತಾಯವ್ವ ಶಾಲೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಹೊಲದಿಂದ ನೇರ ಬಂದಿರುತ್ತಾಳೆ, ಕೈಕಾಲಿನ ಮಣ್ಣು ಕೂಡ ತೊಳೆದಿರುವುದಿಲ್ಲ. ನಿನ್ನ ಪತ್ರ ಕೈಯಲ್ಲಿ ಹಿಡಿದು ನಾನು ಓದಿದಂತೆ ಮಾಡುತ್ತೇನೆ. ಗೊಲ್ಲಾಳಪ್ಪ ಚೆನ್ನಾಗಿದ್ದಾನಂತೆ, ತಮ್ಮ ಬಹಳ ಮೆಚ್ಚಿಕೊಂಡಿದ್ದಾನಂತೆ, ಇಂಥ ಕೈ ಸಿಕ್ಕಿರಲಿಲ್ಲ ಅಂತಿದ್ದಾನಂತೆ. ಎಲ್ಲ ನನ್ನ ಬಾಯಿಂದ ಹುಟ್ಟಿದ್ದು. ನಿನ್ನ ಪತ್ರದಲ್ಲಿ ಇರುವುದನ್ನು ಓದಿದರೆ ಅವಳು ಮರುದಿನದ ಬಸ್ಸಿಗೆ ಹೊರಡುತ್ತಾಳೆ. ಒಂದು ಒಳ್ಳೆಯ ಮಾತು ಬರೆದರೆ ನಿನ್ನ ಮಸಿ ತೀರುವುದೇನು?

ಮಾಸುಮಬಿ


ಇಬ್ರಾಹಿಂಪುರ
೩೦ ಜನೆವರಿ ೧೯೭೮

ಆಪಾ, ಸಲಾಂ.

ನಾನೇನು ಬರೆದೆ ಎಂದು ನೀನು ಅಷ್ಟು ಮುಖ ಊದಿಸಿಕೊಂಡೆಯೋ ತಿಳಿಯಲಿಲ್ಲ. ಇದ್ದದ್ದು ಬರೆದೆ.

ನಿನ್ನ ಒಂದು ಸಲಕ್ಕೆ ಒಂದು ಕೆಲಸದ ನಿಯಮ ಹಿಡಿದು ಕೂತರೆ ಹಂಗಾಮು ಮುಗಿದು ಹೋಗುತ್ತದೆ. ಈ ಸಲ ನನ್ನ ದಾರಿಯಲ್ಲಿ ಕಲಿಸಿದೆ. ಹಳೆಯ ಗಾದಿ ತಂದು ಒಪ್ಪಿಸುವವರು ಮುಂದಿನ ಬಾಗಿಲಿಂದ ಬರುತ್ತಾರೆ, ಹೊಸದಾಗಿ ಹೊಲಿದದ್ದು ಹಿಂದಿನ ಬಾಗಿಲಿಂದ ಗಾಡಿಗೆ ಏರುತ್ತದೆ, ನಿನಗೆ ಗೊತ್ತೇ ಇದೆ. ಅವನನ್ನು ಮುಂದಿನ ಬಾಗಿಲ ಪಕ್ಕ ಕೂಡಿಸಿ, ಈ ಬಾಗಿಲಿಂದ ಒಳಗೆ ಬಂದ ಗಾದಿಯ ಹೊಲಿಗೆ ಕತ್ತರಿಸಬೇಕು, ಹತ್ತಿ ತೆಗೆಯಬೇಕು, ಬುಟ್ಟಿಗೆ ಹಾಕಬೇಕು ಎಂದು ಮಾಡಿ ತೋರಿಸಿದೆ. ಒಂದೇ ಸಲ. ಆಮೇಲೆ ಎರಡನೇ ಸಲ ಬಾಯಿ ತೆರೆದಿಲ್ಲ. ಗಾದಿ ಹೊಸ್ತಿಲು ದಾಟಿತೆಂದರೆ ಇವನ ಕತ್ತರಿ ಸಿದ್ಧ. ಅರಿವೆ ಎಲ್ಲೂ ಹರಿಯುವುದಿಲ್ಲ, ನೂಲು ಮಾತ್ರ ಕತ್ತರಿಸುತ್ತಾನೆ. ಮೌಲಾಸಾಬ ಆ ಕೆಲಸ ಬಿಟ್ಟು ಈಗ ಆರಾಮಾಗಿ ಕಮಾನು ಹೊಡೆಯುತ್ತಾನೆ, ಬೀಡಿ ಸೇದುತ್ತಾನೆ. ಅದೂ ನನಗೇ ನಷ್ಟ.

ಶಹಜಾದಿಯ ಅಣ್ಣ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಬಂದಿದ್ದ, ಬಗಲಲ್ಲಿ ಪ್ರವಾಸದ ತಲೆದಿಂಬು. ಚಹಾ ಕುಡಿದು ಏಳುವಷ್ಟರಲ್ಲಿ ದಿಂಬು ಇರಲಿಲ್ಲ, ಹತ್ತಿ ಬುಟ್ಟಿಯಲ್ಲಿತ್ತು. ಅವನು ಖಾಲಿ ಚೀಲ ಹಿಡಿದು ರೈಲು ಹತ್ತಿದ. ಈ ಮನೆಯಲ್ಲಿ ಬಾಳುವುದು ಹೇಗೆ ಎಂದು ನೀನೇ ಹೇಳು.

ಬುಡ್ಡೇಸಾಬ


ಘೋಣಸಗಿ
೧೦ ಫೆಬ್ರವರಿ ೧೯೭೮

ತಮ್ಮಾ,

ಪರೀಕ್ಷೆಯ ತಯಾರಿ, ಟಿಕೋಟದಲ್ಲಿ ಸಭೆ ಎಂದು ಉತ್ತರ ತಡವಾಯಿತು. ನಿನ್ನ ಪತ್ರ ಓದಿದಾಗಿನಿಂದ ಒಂದು ಚಿಂತೆ ಹತ್ತಿದೆ. ಬಿಚ್ಚಬೇಕಾದದ್ದು ಯಾವುದು ಎಂದು ಕಲಿಸಿದ್ದೀಯ, ಬಿಚ್ಚಬಾರದ್ದು ಯಾವುದು ಎಂದು ಕಲಿಸಿಲ್ಲ. ದಿಂಬಿನ ಕತೆ ಕೇಳಿ ನಗಬೇಡ, ಅದು ಎಚ್ಚರಿಕೆ. ಬಾಗಿಲಿಂದ ಬಂದದ್ದೆಲ್ಲ ಎಂದು ಹೇಳಿದರೆ ಅವನಿಗೆ ಎಲ್ಲ ಎಂದರೆ ಎಲ್ಲವೇ. ಬಿಚ್ಚಬಾರದ್ದಕ್ಕೆ ಒಂದು ಕೆಂಪು ಅರಿವೆಯ ತುಂಡು ಕಟ್ಟು. ಕೆಂಪು ಕಂಡರೆ ಕತ್ತರಿ ಕೆಳಗಿಡಬೇಕು ಎಂದು ಅವನ ಎದುರೇ ನಾಲ್ಕಾರು ಸಲ ಮಾಡಿ ತೋರಿಸು. ಇದನ್ನು ಈ ಪತ್ರ ಮುಟ್ಟಿದ ದಿನವೇ ಮಾಡು.

ನಾನು ಸೋಮವಾರ, ಮಂಗಳವಾರ ಮತ್ತೆ ಟಿಕೋಟಕ್ಕೆ ಹೋಗಬೇಕು.

ಮಾಸುಮಬಿ


ಇಬ್ರಾಹಿಂಪುರ
೧೧ ಫೆಬ್ರವರಿ ೧೯೭೮
(ಕಾರ್ಡು)

ಆಪಾ,

ಸಾಕಾಯಿತು. ನಿಡೋಣಿಯ ಮುದುಕವ್ವನ ಮಗಳ ಮದುವೆಯ ಗಾದಿ ಹೊಲಿದು ಮುಗಿಸಿ ಕೊಟ್ಟಿದ್ದೆ. ಗೊಂಡೆ ಕೂಡಿಸಬೇಕು ಎಂದು ಇವತ್ತು ಅವರು ಮುಂದಿನ ಬಾಗಿಲಿಂದ ವಾಪಸು ತಂದು ಇಟ್ಟರು. ನಾನು ಗೊಂಡೆ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಹೊಸ ಗಾದಿ ಬಿಚ್ಚಿ, ಅರಳೆ ಪೂರಾ ಬುಟ್ಟಿಗೆ ಹಾಕಿ, ನಿನ್ನ ಗೊಲ್ಲಾಳಪ್ಪ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ನಾಳೆಯೇ ಮದುವೆಯ ಅಕ್ಕಿಕಾಳು. ಮುದುಕವ್ವ ಬೀದಿಯಲ್ಲಿ ನಿಂತು ನನ್ನ ವಂಶವನ್ನೇ ತೊಳೆಯುತ್ತಿದ್ದಾಳೆ. ಇಂಥ ಹುಚ್ಚನನ್ನು ಇಟ್ಟುಕೊಂಡು ಅಂಗಡಿ ನಡೆಸಲಾಗದು. ತಕ್ಷಣ ಬಂದು ಕರೆದುಕೊಂಡು ಹೋಗು. ಕಂಬಕ್ಕಾದರೂ ಕಟ್ಟಿರಿ, ಏನಾದರೂ ಮಾಡಿರಿ.

ಬುಡ್ಡೇಸಾಬ


ಘೋಣಸಗಿ
೧೫ ಫೆಬ್ರವರಿ ೧೯೭೮
(ತಾಯವ್ವನ ಕೈಯಲ್ಲಿ)

ಬುಡ್ಡೇಸಾಬ,

ನಿನ್ನ ಕಾರ್ಡು ಮುಟ್ಟಿತು. ಈ ಚೀಟಿ ತಂದ ತಾಯವ್ವನ ಜೊತೆ ಗೊಲ್ಲಾಳಪ್ಪನನ್ನು ಕಳಿಸು. ಅವನ ಬಟ್ಟೆ, ತಟ್ಟೆ, ಶಹಜಾದಿ ಎತ್ತಿಟ್ಟ ಪಗಾರ ಕೊಟ್ಟು ಕಳಿಸು. ಇನ್ನು ನಿನಗೆ ನನ್ನಿಂದ ತೊಂದರೆ ಆಗುವುದಿಲ್ಲ.

ಮಾಸುಮಬಿ


ಇಬ್ರಾಹಿಂಪುರ
೧೯ ಫೆಬ್ರವರಿ ೧೯೭೮

ಆಪಾ,

ಇದೇನು ಮಾಡಿದೆ ನೀನು? ಗಾದಿ ಇಳಿಸಲು ಬಬಲೇಶ್ವರಕ್ಕೆ ಹೋಗಿದ್ದೆ. ವಾಪಸು ಬಂದರೆ ಮುಂದಿನ ಬಾಗಿಲ ಪಕ್ಕ ಗೋಣಿಚೀಲ ಮಡಿಚಿಟ್ಟಿದೆ, ಮನುಷ್ಯನಿಲ್ಲ. ಶಹಜಾದಿ ಒಳಗೆ ಮಲಗಿದ್ದಾಳೆ, ಎದ್ದು ರೊಟ್ಟಿ ಮಾಡಲಿಲ್ಲ. ಮೌಲಾಸಾಬ ಚೀಟಿ ಕೈಗಿಟ್ಟು, ಯಜಮಾನರನ್ನು ಕೇಳದೆ ಕಳಿಸುವಂತಿಲ್ಲ ಎಂದು ಎಷ್ಟು ಹೇಳಿದರೂ ಆ ತಾಯಿ ನಿಲ್ಲಲಿಲ್ಲ, ನೀರು ಕೂಡ ಮುಟ್ಟಲಿಲ್ಲ ಎಂದ.

ಕಾರ್ಡು ಬರೆದದ್ದು ನಿಜ. ಡಬ್ಬಿಗೆ ಹಾಕಿ ಬಂದ ಮೇಲೆ ಏನಾಯಿತು ಎಂದು ಕೇಳಬೇಕಿತ್ತೋ ಇಲ್ಲವೋ? ನಾನು, ಮೌಲಾಸಾಬ, ಶಹಜಾದಿ ಮೂವರೂ ಮತ್ತೆ ಹೊಲಿಯಲು ಕೂತೆವು. ಮುದುಕವ್ವ ಬೈಯುತ್ತ ಬೈಯುತ್ತಲೇ ಸೀರೆ ಎತ್ತಿ ಕಟ್ಟಿ ತಾನೂ ಸೂಜಿ ಹಿಡಿದಳು. ಗೊಲ್ಲಾಳಪ್ಪ ಅದೇ ಅರಳೆಯನ್ನು ಇನ್ನೊಮ್ಮೆ ಹಿಂಜಿ ಕೊಟ್ಟ. ದೀಪ ಹಚ್ಚುವ ಹೊತ್ತಿಗೆ ಗಾದಿ ಹಿಂದಿನ ಬಾಗಿಲಿಂದ ಗಾಡಿ ಏರಿತು, ಗೊಂಡೆ ಸಮೇತ. ಮುದುಕವ್ವ ಇಲ್ಲೇ ಉಂಡು ಹೋದಳು. ನನ್ನ ಸಿಟ್ಟೂ ಅವಳ ಜೊತೆಗೇ ಹೋಯಿತು. ಸೋಮವಾರ ನಿನ್ನ ಪತ್ರ ಮುಟ್ಟಿತು, ಕೆಂಪು ಅರಿವೆ ಕಟ್ಟಿ ತೋರಿಸಿದೆ, ಅವನು ಕತ್ತರಿ ಕೆಳಗಿಟ್ಟ. ಎಲ್ಲ ಸರಿಹೋಗಿತ್ತು.

ಸಿಟ್ಟು ಇಳಿಯಿತು ಎಂದು ತಿಳಿಸಲು ಯಾರಾದರೂ ಇನ್ನೊಂದು ಕಾರ್ಡು ಬರೆಯುತ್ತಾರೆಯೇ? ನಮ್ಮ ಅಪ್ಪ ಎಂದಾದರೂ ಬರೆದಿದ್ದನೇ? ಮನೆ ಬಿಟ್ಟು ಹೋಗು ಎಂದು ನನಗೆ ವರ್ಷಕ್ಕೆಷ್ಟು ಸಲ ಹೇಳುತ್ತಿದ್ದ, ನಾನು ಹೋದೆನೇ? ಅದೇ ಮನೆಯಲ್ಲಿ ಬೆಳೆದವಳು ನೀನು. ನನ್ನ ಬಾಯಿ ನಿನಗೆ ಹೊಸದೇ?

ಬುಡ್ಡೇಸಾಬ


ಘೋಣಸಗಿ
೨೫ ಫೆಬ್ರವರಿ ೧೯೭೮

ತಮ್ಮಾ,

ನೀನು ಬರೆದೆ, ನಾವು ಓದಿದೆವು. ಓದುವುದೆಂದರೆ ಕಾಗದದ ಮೇಲೆ ಇದ್ದದ್ದನ್ನು ಓದುವುದು. ಗುಮ್ಮಟದಷ್ಟು ಎತ್ತರ ಬೈದು, ಮನಸ್ಸಿನಲ್ಲಿ ಬೇರೆ ಇತ್ತು ಎಂದರೆ ಅದನ್ನು ಯಾರು ಓದಬೇಕು?

ಕಾರ್ಡಿನ ಕತೆ ಕೇಳು. ಅದು ಬಂದ ದಿನ ನಾನು ಟಿಕೋಟದಲ್ಲಿದ್ದೆ. ಹೋಗುವೆನೆಂದು ನಿನಗೆ ಮೊದಲೇ ತಿಳಿಸಿಯೂ ಇದ್ದೆ. ವಿಜಾಪುರದ ಕಾರ್ಡು ಎಂದು ತಾಯವ್ವ ನನ್ನ ಹೆಸರಿನಲ್ಲಿ ಇಸಿದುಕೊಂಡಳು. ಮಗನ ಸುದ್ದಿಗೆ ನಾನು ಬರುವವರೆಗೆ ಕಾಯುವ ತಾಳ್ಮೆ ಯಾವ ತಾಯಿಗಿರುತ್ತದೆ? ನನ್ನ ನಾಲ್ಕನೇ ಇಯತ್ತೆಯ ರಾಚವ್ವನನ್ನು ಕರೆದು ಓದಿಸಿದಳು. ರಾಚವ್ವ ಚೆನ್ನಾಗಿ ಓದುತ್ತಾಳೆ, ದೊಡ್ಡ ದನಿಯಲ್ಲಿ, ಸ್ಪಷ್ಟವಾಗಿ. ನಾನೇ ಕಲಿಸಿದ್ದು. ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಓದಿದ್ದಾಳೆ. ಹುಚ್ಚ ಎಂಬುದನ್ನೂ ಓದಿದ್ದಾಳೆ, ಕಂಬವನ್ನೂ ಓದಿದ್ದಾಳೆ.

ನಾನು ಬಂದಾಗ ತಾಯವ್ವ ಅಳಲಿಲ್ಲ, ಜಗಳ ಮಾಡಲಿಲ್ಲ. ಕಾರ್ಡು ನನ್ನ ಕೈಗೆ ಕೊಟ್ಟು ಇಷ್ಟು ಹೇಳಿದಳು: “ಅಕ್ಕೋರೆ, ನೀವು ಇಷ್ಟ ದಿನ ಓದಿ ಹೇಳಿದ್ದು ಯಾವ ಕಾಗದರಿ?”

ಚೀಟಿ ಬರಿ ಎಂದಳು, ಬರೆದುಕೊಟ್ಟೆ. ಈಗ ಅವನು ಮನೆಯಲ್ಲಿದ್ದಾನೆ, ಚೆನ್ನಾಗಿದ್ದಾನೆ. ನೀನು ನಿನ್ನ ಹಂಗಾಮು ನೋಡಿಕೋ.

ಮಾಸುಮಬಿ


ಇಬ್ರಾಹಿಂಪುರ
೫ ಮಾರ್ಚ್ ೧೯೭೮

ಆಪಾ, ಸಲಾಂ.

ಚೆನ್ನಾಗಿದ್ದಾನೆ ಎಂದು ಬರೆದಿದ್ದೀಯ. ಸಂತೋಷ. ಇಲ್ಲಿ ನಾನೂ ಚೆನ್ನಾಗಿದ್ದೇನೆ. ಹೊಸ ಕೈಯೊಂದು ಸಿಕ್ಕಿದೆ, ಲಾಡಲೇಸಾಬ ಎಂದು. ಮಾತಾಡುತ್ತಾನೆ. ನಾನೊಂದು ಅಂದರೆ ಅವನು ನಾಲ್ಕು ಅನ್ನುತ್ತಾನೆ. ಹತ್ತಿಯಲ್ಲಿ ಕಸ ಉಳಿದಿದೆ ಅಂದರೆ ಹತ್ತಿಯ ದೋಷ ಅನ್ನುತ್ತಾನೆ, ಬೆಳಕಿನ ದೋಷ ಅನ್ನುತ್ತಾನೆ, ಕಡೆಗೆ ನನ್ನ ಕಣ್ಣಿನ ದೋಷ ಎಂದ. ಅವನ ಬಾಯಿಗೆ ಹೆದರಿ ನಾನೇ ಸುಮ್ಮನೆ ಕೂಡುತ್ತೇನೆ. ನನ್ನ ಅಂಗಡಿಯಲ್ಲಿ ನನಗೇ ಬೈಯುವ ಸ್ವಾತಂತ್ರ್ಯ ಇಲ್ಲ.

ನಾನು ಬಂದು ಕರೆಯಲಿ ಎಂದು ನೀನು ಕಾಯುತ್ತಿದ್ದರೆ ಆ ಆಸೆ ಬಿಡು. ಕಳಿಸಿದವಳು ನೀನು, ಕರೆಸಿಕೊಂಡವಳು ನೀನು. ಹೇಳದೆ ಕೇಳದೆ ಎಬ್ಬಿಸಿಕೊಂಡು ಹೋದವರು ತಾವೇ ತಂದು ಬಿಡಲಿ. ಶಹಜಾದಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅದು ಬೇರೆ ವಿಷಯ.

ಅವನು ಊಟಕ್ಕೆ ಏಳುತ್ತಾನೆಯೇ?

ಬುಡ್ಡೇಸಾಬ


ಘೋಣಸಗಿ
೧೩ ಮಾರ್ಚ್ ೧೯೭೮

ತಮ್ಮಾ,

ಏಳುವುದಿಲ್ಲ.

ಹಟಕ್ಕೆ ಚೆನ್ನಾಗಿದ್ದಾನೆ ಎಂದು ಬರೆದೆ. ಅವನು ಬಂದ ಮರುದಿನದಿಂದಲೇ ಕಂಬಕ್ಕಿದ್ದಾನೆ. ಈ ಸಲ ತಾಯವ್ವ ಕಟ್ಟಲು ಹೋಗುವ ಮುಂಚೆ ತಾನೇ ಕಾಲು ಚಾಚುತ್ತಾನೆ. ಕಾಲಿನ ಚರ್ಮ ನಿನ್ನಲ್ಲಿದ್ದಾಗ ತಿಳಿಯಾಗಿತ್ತಂತೆ, ಮತ್ತೆ ಹುಣ್ಣಾಗಿದೆ. ಮನೆಯ ಕೌದಿಗಳನ್ನೆಲ್ಲ ಹಲ್ಲಿನಿಂದ ನೂಲು ಹರಿದು ಬಿಚ್ಚಿಟ್ಟಿದ್ದಾನೆ. ತಾಯವ್ವ ಹೊದೆಯಲು ಇಲ್ಲದೆ ಸೀರೆ ಹೊದ್ದು ಮಲಗುತ್ತಾಳೆ. ಬಿಚ್ಚಿದ್ದನ್ನು ಹಾಕಲು ಬುಟ್ಟಿ ಇಲ್ಲ, ಬುಟ್ಟಿ ಬರಿದಾಗುವುದಿಲ್ಲ, ಹಾಗಾಗಿ ಊಟದ ಹೊತ್ತೂ ಬರುವುದಿಲ್ಲ. ನಾನು ಬುಟ್ಟಿ ಒಯ್ದು ಕೊಟ್ಟೆ. ಮೆಲ್ಲನೆ ಕರೆದೆ. ನನ್ನನ್ನು ನೋಡಲೂ ಇಲ್ಲ.

ಬಿಡಿಸೋಣ, ಮತ್ತೆ ಕಳಿಸೋಣ ಎಂದು ನಾನು ಎಷ್ಟು ಹೇಳಿದರೂ ತಾಯವ್ವ ಕೇಳುವುದಿಲ್ಲ. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಹೋಗಿದೆ. ಹೋಗಬೇಕಾದದ್ದೇ. ಯಾರು ಕಂಬಕ್ಕೆ ಕಟ್ಟಿರಿ ಎಂದು ಬರೆದರೋ ಅವರೇ ಬಂದು ಎದುರು ನಿಲ್ಲಲಿ ಎಂಬುದು ಅವಳ ಮಾತು.

ಇನ್ನು ನೀನು ಸಿಟ್ಟು, ಮಾನ, ಯಾರು ಮೊದಲು ಎಂದು ಲೆಕ್ಕ ಹಾಕುತ್ತ ಕೂತರೆ ನಿನಗೆ ಅಕ್ಕ ಇಲ್ಲ ಎಂದು ತಿಳಿ. ನಾಳೆಯಿಂದ ನನಗೆ ಬಬಲೇಶ್ವರದಲ್ಲಿ ಪರೀಕ್ಷೆಯ ಕೆಲಸ, ಊರಲ್ಲಿ ಇರುವುದಿಲ್ಲ. ನನ್ನನ್ನು ಮುಂದಿಟ್ಟುಕೊಂಡು ಮಾತಾಡಬೇಕು ಎಂದು ನೆಪ ಹೇಳಬೇಡ. ಒಬ್ಬನೇ ಹೋಗು. ಹೋಗಿ ಬಂದದ್ದನ್ನು ಬಬಲೇಶ್ವರದ ಶಾಲೆಯ ವಿಳಾಸಕ್ಕೆ ಬರೆ.

ಮಾಸುಮಬಿ


ಇಬ್ರಾಹಿಂಪುರ
೨೧ ಮಾರ್ಚ್ ೧೯೭೮

ಆಪಾ, ಸಲಾಂ.

ನಿನ್ನ ಪತ್ರ ಸಿಕ್ಕ ಮರುದಿನ ಹೊರಟೆ. ಬಸ್ಸು ಟಿಕೋಟದಲ್ಲಿ ಕೆಟ್ಟು ನಿಂತಿತು, ಅದರ ಸಿಟ್ಟು ಬೇರೆ. ತಾಯವ್ವ ಇನ್ನೂ ಮನೆಯಲ್ಲೇ ಇದ್ದಳು, ಅವನನ್ನು ಕಟ್ಟಿ ಕೂಲಿಗೆ ಹೊರಟಿದ್ದಳು. ಒಳಗೆ ಬಾ ಎಂದಳು, ಕೂಡು ಅನ್ನಲಿಲ್ಲ. ಅವನು ಕಂಬಕ್ಕೆ ಬೆನ್ನು ಹಚ್ಚಿ ಕೂತಿದ್ದ, ಸುತ್ತ ಕೌದಿಯ ಚಿಂದಿಗಳು ಒಪ್ಪವಾಗಿ ಪೇರಿಸಿಟ್ಟಿದ್ದವು. ಕಾಲು ನೋಡಿದೆ. ಅದರ ಬಗ್ಗೆ ಬರೆಯಲಾರೆ.

ದಾರಿಯುದ್ದಕ್ಕೂ ಒಂದಿಷ್ಟು ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ತಪ್ಪಾಯಿತು, ಆ ಕಾರ್ಡು ನಾನೇ ಬರೆದದ್ದು, ಬರೆಯಬಾರದಿತ್ತು ಎಂದೆ. ಬಿಚ್ಚಲೇನು ಎಂದು ಕೇಳಿದೆ. ಬಿಚ್ಚು ಎಂದಳು, ನಿನ್ನ ಜೊತೆ ಅವನಾಗಿ ಎದ್ದು ಬಂದರೆ ಕರೆದುಕೊಂಡು ಹೋಗು, ಎಳೆದರೆ ಬಿಡುವುದಿಲ್ಲ ಎಂದಳು.

ಗಂಟು ಬಿಚ್ಚಿ ನೀನು ಕಲಿಸಿದಂತೆ ಮಾಡಿದೆ. ಹಿಂದಿನಿಂದ ಮುಟ್ಟಲಿಲ್ಲ. ಎದುರು ಕೂತು, ಸಣ್ಣ ದನಿಯಲ್ಲಿ, ಒಂದೇ ಮಾತು: ಏಳಪ್ಪ, ಹೋಗೋಣ. ಅವನು ಗೋಡೆ ನೋಡಿದ. ಮತ್ತೆ ಹೇಳಿದೆ, ಇನ್ನೂ ಮೆತ್ತಗೆ. ನಾನು ಯಾರೋ ದಾರಿಹೋಕ ಎಂಬಂತೆ ಕೂತಿದ್ದ. ಎಷ್ಟು ಹೊತ್ತು ಹಾಗೆ ಸಣ್ಣ ದನಿಯಲ್ಲಿ ಕೂತಿದ್ದೆನೋ, ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಕೂತಿಲ್ಲ. ತಾಯವ್ವ ಹಗ್ಗ ಕೈಗೆತ್ತಿಕೊಂಡಳು. ಹೊರಗೆ ವಾಪಸು ಹೋಗುವ ಬಸ್ಸಿನ ಹಾರ್ನು ಕೇಳಿಸಿತು. ನನಗೆ ತಡೆಯಲಾಗಲಿಲ್ಲ ಆಪಾ.

“ಲೇ ಗೊಲ್ಲಾಳ್ಯಾ, ಅಲ್ಲಿ ಗಾದಿ ಗುಡ್ಡ ಬಿದ್ದಾವ, ನೀ ಇಲ್ಲಿ ಕಂಬಕ್ಕ ಆತು ಆರಾಮ ಕುಂತೀಯೇನಲೇ? ನಿನ್ನ ಸಲುವಾಗಿ ನನ್ನ ಹೇಂತಿ ಮಾತ ಬಿಟ್ಟಾಳ, ಮೌಲಾಸಾಬ ಬೀಡಿ ಸೇದಕೋತ ಕುಂತಾನ, ಆ ಲಾಡ್ಲ್ಯಾ ನನ್ನ ಕಣ್ಣ ಹೋಗ್ಯಾವ ಅಂತಾನ...”

ಅಂಗಡಿಯಲ್ಲಿ ಬೈಯುವ ಹಾಗೆಯೇ ಬೈಯುತ್ತ ಹೋದೆ. ಬಸ್ಸಿಗೆ ಬೈದೆ, ನಿನಗೆ ಬೈದೆ, ನಿನ್ನ ಪರೀಕ್ಷೆಗೆ ಬೈದೆ. ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಅವನು ಎದ್ದ. ಗೂಡಿನಲ್ಲಿದ್ದ ತನ್ನ ಬಟ್ಟೆಯ ಗಂಟು ತೆಗೆದುಕೊಂಡು, ಕುಂಟುತ್ತ ಹೋಗಿ ಬಾಗಿಲಲ್ಲಿ ನಿಂತ.

ತಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡು ಹೆದರಿದೆ. ಬೈದದ್ದು ತಪ್ಪಾಯಿತು, ನನ್ನ ಬಾಯಿಯೇ ಹೀಗೆ ಎಂದೆ. ಅವಳು ಹೇಳಿದ್ದು ಇಷ್ಟು:

“ಇವಗ ಹುಟ್ಟಿದಾಗಿಂದ ಯಾರೂ ಇಷ್ಟ ಮಾತಾಡ್ಸಿಲ್ಲರಿ ಸಾಬ್ರ. ತಿರುಗಿ ಮಾತಾಡೂದಿಲ್ಲಂತ ಊರ ಮಂದಿ ಬಿಟ್ರು, ನಾನೂ ಬಿಟ್ಟಿನಿ. ಕಟ್ಟತಿದ್ನಿ, ಬಿಚ್ಚತಿದ್ನಿ, ಒಂದು ಮಾತ ಇರ್ತಿದ್ದಿಲ್ಲ. ನೀವು ಹೆಸರ ಹಿಡದು ಬೈತೀರಿ.”

ಆಮೇಲೆ ಹಗ್ಗವನ್ನು ಹಿತ್ತಲಿನ ಕಡೆ ಎಸೆದು, ಅವನ ಹಿಂದೆ ಬಾಗಿಲವರೆಗೆ ಬಂದು, ನನಗೊಂದು ಕರಾರು ಹಾಕಿದಳು.

“ಬಾಯಿಲೆ ಎಷ್ಟರ ಬೈರಿ, ಮುಂಜಾನಿಂದ ಸಂಜೀತನ ಬೈರಿ. ಕಾರ್ಡ ಮಾತ್ರ ಹಾಕಬ್ಯಾಡ್ರಿ.”

ಅಪ್ಪನ ಮೇಲೆ ಆಣೆ ಇಟ್ಟು ಒಪ್ಪಿಕೊಂಡು ಬಂದಿದ್ದೇನೆ. ಅವಳು ಅಷ್ಟಕ್ಕೆ ಬಿಡಲಿಲ್ಲ, ಕಾಗದವೂ ಬೇಡ ಎಂದು ಸೇರಿಸಿದಳು. ಇನ್ನು ಹದಿನೈದು ದಿನಕ್ಕೊಮ್ಮೆ ತಾನೇ ಬಂದು ನೋಡಿ ಹೋಗುತ್ತಾಳಂತೆ. ಹೋಗಿ ಬಂದದ್ದನ್ನು ಅಕ್ಕೋರಿಗೆ ತಿಳಿಸಲು ಒಂದೇ ಒಂದು ಬರೆಯುತ್ತೇನೆ ಎಂದು ಬೇಡಿ ಒಪ್ಪಿಗೆ ಪಡೆದದ್ದು ಇದು.

ಆದ್ದರಿಂದ ಆಪಾ, ಇನ್ನು ಮುಂದೆ ನನ್ನಿಂದ ಟಪಾಲು ಬರುವುದಿಲ್ಲ. ಇವತ್ತು ಮುಂಜಾನೆ ಅವನು ಏನು ಮಾಡಿದ ಎಂದು ಬರೆಯಲು ಕೈ ತುರಿಸುತ್ತಿದೆ, ಶಹಜಾದಿ ನಗುತ್ತ ಕೂತಿದ್ದಾಳೆ. ಬರೆಯುವುದಿಲ್ಲ. ಕೇಳಬೇಕು ಅನ್ನಿಸಿದರೆ ಬಸ್ಸು ಹತ್ತಿ ಬಾ.

ಬುಡ್ಡೇಸಾಬ